ಕ್ರಾಂತಿ ಆದ ಮೇಲೆ ಕ್ಯಾಮೆರಾ ಎಲ್ಲಿ ನಿಂತಿತ್ತು?



ಕ್ರಾಂತಿಯ ಸಿನಿಮಾ ಬೇಕಾದಷ್ಟಿವೆ. ಬಾವುಟ, ಬಂದೂಕು, ಓಡುವ ಜನ. ಮಾರನೇ ದಿನ ಬೆಳಿಗ್ಗೆ ಕಸ ಗುಡಿಸಿದ್ದು ಯಾರು ಅಂತ ಕೇಳುವ ಸಿನಿಮಾ ಕಡಿಮೆ. ಕ್ಯೂಬಾದಲ್ಲಿ ಅಂಥವೂ ಬಂದವು. 1959ರ ಜನವರಿಯಲ್ಲಿ ಸರ್ವಾಧಿಕಾರಿ ಬಟಿಸ್ಟಾ ದೇಶ ಬಿಟ್ಟು ಓಡಿದ. ಮಾರ್ಚ್‌ನಲ್ಲೇ ಹೊಸ ಸರ್ಕಾರ ಸಿನಿಮಾ ಸಂಸ್ಥೆ ಕಟ್ಟಿತು.

ಆ ಸಂಸ್ಥೆಯ ಹೆಸರುವಾಸಿ ಚಿತ್ರ 1968ರ 'ಮೆಮರೀಸ್ ಆಫ್ ಅಂಡರ್‌ಡೆವಲಪ್‌ಮೆಂಟ್'. ನಿರ್ದೇಶಕ ತೊಮಾಸ್ ಗುಟಿಯೆರೆಸ್ ಆಲಿಯಾ. ಬಾಡಿಗೆ ಮನೆಗಳ ಒಡೆಯ ಸೆರ್ಗಿಯೋ, ಹೆಂಡತಿ, ಅಪ್ಪ, ಅಮ್ಮ ಎಲ್ಲ ಅಮೆರಿಕಾಕ್ಕೆ ಹೋದರೂ ತಾನು ಹವಾನಾದಲ್ಲೇ ಉಳಿದು, ಬಾಲ್ಕನಿಯಿಂದ ದುರ್ಬೀನಿನಲ್ಲಿ ಊರು ನೋಡುತ್ತಾನೆ. ಒಳ್ಳೇ ಚಿತ್ರವೇ, ಅವನ ಬಣ್ಣ ಬಯಲು ಮಾಡುತ್ತದೆ. ಆದರೂ ಮನಸ್ಸಿನ ಮಾತು ನಮಗೆ ಕೇಳಿಸುವುದು ಒಡೆಯನದು ಮಾತ್ರ. ಶುರುವಿನ ಕುಣಿತದಲ್ಲಿ ಗುಂಡಿನ ಸದ್ದಾಗಿ, ಒಬ್ಬ ಕಪ್ಪು ಹೆಂಗಸು ನಮ್ಮನ್ನೇ ದಿಟ್ಟಿಸುತ್ತಾಳೆ. ಅವಳ ಮನಸ್ಸಲ್ಲಿ ಏನಿತ್ತೋ, ಚಿತ್ರ ಹೇಳುವುದಿಲ್ಲ.

ಆ ಕಡೆಯಿಂದ ಮಾತಾಡಿದವಳು ಸಾರಾ ಗೋಮೆಸ್. ತಾನೇ ಕಪ್ಪು ಹೆಣ್ಣುಮಗಳು. ಕ್ಯೂಬಾದಲ್ಲಿ ಪೂರ್ಣಾವಧಿ ಚಿತ್ರ ನಿರ್ದೇಶಿಸಿದ ಮೊದಲ ಹೆಂಗಸು. 'ಒನ್ ವೇ ಆರ್ ಅನದರ್' ಅವಳ ಒಂದೇ ಕಥಾಚಿತ್ರ. ಹವಾನಾದ ಲಾಸ್ ಯಾಗುವಾಸ್ ಎಂಬ ಕೊಳೆಗೇರಿ ಕೆಡವಿ, ಅಲ್ಲಿನವರೇ ಕೈಯಾರೆ ಮಿರಾಫ್ಲೋರೆಸ್ ಬಡಾವಣೆ ಕಟ್ಟಿಕೊಂಡರು. ಗೋಡೆ ಬೀಳುವುದನ್ನು ಅವಳು ಮತ್ತೆ ಮತ್ತೆ ತೋರಿಸುತ್ತಾಳೆ. ಗೋಡೆ ಬಿತ್ತು, ಗಂಡಸಿನ ದರ್ಪ ಬೀಳಲಿಲ್ಲ. ಮಾರಿಯೋ ಬಸ್ ಕಾರ್ಖಾನೆ ಕೆಲಸಗಾರ. ಅವನ ಗೆಳೆಯ, ತಾಯಿಗೆ ಕಾಯಿಲೆ ಅಂತ ಸುಳ್ಳು ಹೇಳಿ, ಕೆಲಸ ಬಿಟ್ಟು ಹೆಣ್ಣಿನ ಹಿಂದೆ ಹೋಗಿರುತ್ತಾನೆ. ಕೆಲಸಗಾರರ ಸಭೆಯಲ್ಲಿ ಮಾರಿಯೋ ಅದನ್ನು ಒದರಿಬಿಡುತ್ತಾನೆ. ಆಮೇಲೆ ತಾನು ಗಂಡಸಿನ ಮಾತು ಮುರಿದೆ, ಹೆಂಗಸಿನ ಹಾಗೆ ಮಾಡಿದೆ ಅಂತ ಒಳಗೇ ಬೇಯುತ್ತಾನೆ. ಅವನು ಪ್ರೀತಿಸುವ ಯೊಲಾಂಡಾ ಅಲ್ಲಿನ ಶಾಲೆಯ ಮೇಡಂ. ಉಳ್ಳವರ ಮನೆಯಿಂದ ಬಂದವಳು. ಕೇರಿಯ ಮಕ್ಕಳು, ಅವರ ತಾಯಂದಿರು ಯಾಕೆ ಹೀಗೆ ಅಂತ ಅವಳಿಗೆ ಅರ್ಥವೇ ಆಗಲ್ಲ. ಸಾರಾ ಇಬ್ಬರನ್ನೂ ಬಿಡುವುದಿಲ್ಲ.

ನಮಗೆ ಒಂದು ತಕರಾರಿದೆ. ಚಿತ್ರದಲ್ಲಿ ಹಿನ್ನೆಲೆ ದನಿಯೊಂದು ಆಗಾಗ ಸರ್ಕಾರಿ ಅಧಿಕಾರಿಯ ಹಾಗೆ ಪಾಠ ಹೇಳುತ್ತದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಕಟ್ಟಿಕೊಂಡ ಅಬಾಕುವಾ ಎಂಬ ಗಂಡಸರ ಗುಪ್ತಸಂಘವನ್ನು ಬರೀ ಹಳೇ ಕೊಳೆ ಅನ್ನುತ್ತದೆ. ಆ ಜನಕ್ಕೆ ಒಡೆಯರ ಕಾಲದಲ್ಲಿ ಬೇರೆ ಆಸರೆ ಏನಿತ್ತು? ಆದರೆ ಅದೇ ಚಿತ್ರದಲ್ಲಿ ಮಿರಾಫ್ಲೋರೆಸ್‌ನವರೇ ಕ್ಯಾಮೆರಾ ಮುಂದೆ ನಿಂತು ತಮ್ಮ ಬಾಳು ತಾವೇ ಆಡುತ್ತಾರೆ, ಆ ದನಿ ಸಣ್ಣದಾಗುತ್ತದೆ.

ವರ್ಗ ಹೋದರೆ ಜಾತಿ ತಾನೇ ಹೋಗುತ್ತೆ ಅಂತ ನಮಗೂ ಕೆಲವರು ಹೇಳ್ತಾ ಬಂದಿದ್ದಾರಲ್ಲ, ಅವರ ಪಕ್ಕ ಕೂತು ಇದನ್ನು ನೋಡಬೇಕು. ಕ್ಯೂಬಾದಲ್ಲಿ ಬಣ್ಣಭೇದ ಮುಗಿಯಿತು ಅಂತ ಸರ್ಕಾರ 1960ರ ದಶಕದ ಶುರುವಿನಲ್ಲೇ ಸಾರಿತ್ತು. ಸಾರಾ ಕ್ರಾಂತಿಯ ಒಳಗಿದ್ದುಕೊಂಡೇ, ಅದೇ ಸರ್ಕಾರದ ಸಂಸ್ಥೆಯ ದುಡ್ಡಲ್ಲೇ, ಇನ್ನೂ ಮುಗಿದಿಲ್ಲ ಅಂದಳು.

ಚಿತ್ರ ಮುಗಿಯುವ ಮೊದಲೇ, 1974ರಲ್ಲಿ, ಆಸ್ತಮಾ ಅವಳನ್ನು ಕೊಂಡೊಯ್ದಿತು. ಆಲಿಯಾ ಮತ್ತು ಇತರ ಗೆಳೆಯರು ಉಳಿದ ಕೆಲಸ ಮಾಡಿ, 1977ರಲ್ಲಿ ಚಿತ್ರ ಹೊರಬಂತು. ಹಾಸ್ಟೆಲಿನಲ್ಲಿ ತೋರಿಸುವವರು ಕೊನೆಯಲ್ಲಿ ಬೇಗ ಲೈಟು ಹಾಕಬೇಡಿ. ಮಾರಿಯೋ, ಯೊಲಾಂಡಾ ಹೊಸ ಕಟ್ಟಡಗಳ ನಡುವೆ ನಡೆದು ಹೋಗ್ತಾ ಇರ್ತಾರೆ, ಜಗಳ ಇನ್ನೂ ನಡೀತಾ ಇರುತ್ತೆ.