ತಮಾಲ್ ಮತ್ತು ತ್ರೈರಾಶಿ

ಮೆಕ್ಸಿಕೋ ದೇಶದಲ್ಲಿ ಜನವರಿ 6ರಂದು ಬಂಧುಮಿತ್ರರು ಕಲೆತು ಉಂಗುರದಾಕಾರದ ಒಂದು ಸಿಹಿ ಬ್ರೆಡ್ಡನ್ನು ಕತ್ತರಿಸುತ್ತಾರೆ. ಅದರ ಹೆಸರು 'ರೋಸ್ಕಾ'. ಅದರೊಳಗೆ ಬಾಲಯೇಸುವಿನ ಪುಟ್ಟ ಗೊಂಬೆಯನ್ನು ಹುದುಗಿಸಿರುತ್ತಾರೆ. ಯಾರ ಪಾಲಿನ ತುಂಡಿನಲ್ಲಿ ಗೊಂಬೆ ಸಿಗುತ್ತದೋ ಅವರ ತಲೆಗೆ ಒಂದು ಹೊಣೆ ಬಿತ್ತೆಂದೇ ಅರ್ಥ. ಫೆಬ್ರುವರಿ 2ರ ಹಬ್ಬದಂದು ಅಲ್ಲಿದ್ದವರಿಗೆಲ್ಲ ಅವರು ತಮಾಲ್ ತಿನ್ನಿಸಬೇಕು!

ತಮಾಲ್ ಎಂದರೆ ಹೆಚ್ಚುಕಡಿಮೆ ನಮ್ಮ ಎಲೆಕಡುಬಿನಂಥ ತಿಂಡಿ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ತೊಳೆದು ರುಬ್ಬುತ್ತಾರೆ. ಈ ಹಿಟ್ಟಿಗೆ 'ಮಾಸಾ' ಎಂದು ಹೆಸರು. ಅದಕ್ಕೆ ಕೊಬ್ಬು ಸೇರಿಸಿ ಹಗುರಾಗುವಂತೆ ನಾದಿ, ಜೋಳದ ತೆನೆಯ ಒಣಸಿಪ್ಪೆಯ ಮೇಲೆ ಹರಡಿ, ನಡುವೆ ಮಾಂಸವನ್ನೋ ಕಾಳಿನ ಪಲ್ಯವನ್ನೋ ಇಟ್ಟು, ಮಡಿಚಿ ಹಬೆಯಲ್ಲಿ ಬೇಯಿಸುತ್ತಾರೆ.

ಈಗ ಗೊಂಬೆ ಸಿಕ್ಕವರ ಪಾಡನ್ನು ಊಹಿಸಿಕೊಳ್ಳಿ. ಮನೆಯ ಅಳತೆ 6 ಜನರದು. ಬರುವವರು 30 ಮಂದಿ. ಎಲ್ಲವನ್ನೂ 5ರಿಂದ ಗುಣಿಸಿದರಾಯಿತು ತಾನೆ? ತ್ರೈರಾಶಿ ಕಲಿತ ಯಾವ ವಿದ್ಯಾರ್ಥಿಯೂ ಹಾಗೆಯೇ ಹೇಳಿಯಾನು. ಸಾಮಾನಿನ ಮಟ್ಟಿಗೆ ಆ ಉತ್ತರ ಸರಿ. ಒಲೆಯ ಮಟ್ಟಿಗೆ ಮಾತ್ರ ತಪ್ಪು. ದೊಡ್ಡ ಅಡುಗೆ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ.

ಮೊದಲು ಗುಣಿಸಬಹುದಾದವನ್ನು ನೋಡೋಣ. ಒಂದು ಕಿಲೋ ಮಾಸಾದಲ್ಲಿ 20 ತಮಾಲ್ ಆಗುತ್ತವೆ ಎಂದುಕೊಳ್ಳಿ. ತಲೆಗೆ ಮೂರರಂತೆ 30 ಜನಕ್ಕೆ 90 ಬೇಕು. ಕೈಕಾವಲಿಗೆ ಹತ್ತು ಸೇರಿಸಿ 100 ಎಂದಿಟ್ಟುಕೊಂಡರೆ 5 ಕಿಲೋ ಮಾಸಾ. ಕೊಬ್ಬು, ಸಿಪ್ಪೆ, ಹೂರಣ ಎಲ್ಲವೂ ಐದು ಪಟ್ಟು. ಉಪ್ಪೂ ಅಷ್ಟೆ, ಆದರೆ ಅದನ್ನು ತೂಗಬೇಕು. ಒಂದು ಕಿಲೋಗೆ 15 ಗ್ರಾಂ ಇದ್ದರೆ ಐದಕ್ಕೆ 75 ಗ್ರಾಂ ಎಂದು ಸಲೀಸಾಗಿ ಹೇಳಬಹುದು. 'ಒಂದು ಚಿಟಿಕೆ'ಯನ್ನು ಐದರಿಂದ ಗುಣಿಸುವುದು ಹೇಗೆ? ಜೋಳ ಬೇಯಿಸುವ ಸುಣ್ಣವೂ ತೂಕದ ಲೆಕ್ಕಕ್ಕೇ ಸೇರಿದ್ದು. ಒಣಜೋಳದ ತೂಕದ ನೂರಕ್ಕೆ ಒಂದು ಭಾಗ, ಅಂದರೆ ಕಿಲೋಗೆ ಸುಮಾರು 10 ಗ್ರಾಂ. ಸಿಪ್ಪೆಯನ್ನು ಸಡಿಲಿಸುವುದರ ಜೊತೆಗೆ, ಜೋಳದಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ದಕ್ಕುವಂತೆ ಮಾಡುವುದೂ ಇದೇ ಸುಣ್ಣ.

ಇನ್ನು ಗುಣಿಸಬಾರದ್ದು. 20 ತಮಾಲ್ ಬೇಯಲು ಒಂದು ಗಂಟೆ ಬೇಕಾದರೆ 100 ಬೇಯಲು ಐದು ಗಂಟೆಯೆ? ಖಂಡಿತ ಇಲ್ಲ. ಶಾಖ ತಮಾಲಿನ ಹೊರಮೈಯಿಂದ ನಡುವಿನವರೆಗೆ ಸಾಗಬೇಕು. ಆ ದೂರ ಒಂದೊಂದು ತಮಾಲಿನ ದಪ್ಪವನ್ನು ಅವಲಂಬಿಸಿದೆ. ಪಕ್ಕದಲ್ಲಿ ಎಷ್ಟು ಜನ ನೆಂಟರಿದ್ದಾರೆ ಎಂಬುದು ಅದಕ್ಕೆ ಬೇಕಿಲ್ಲ. ಹಬೆ ಎಲ್ಲ ಕಡೆ ಆಡುವಂತೆ ಸಂದು ಬಿಟ್ಟು ಜೋಡಿಸಿದರೆ, ಹಬೆ ಮೇಲಕ್ಕೆ ಬಂದ ಮೇಲೆ ಹಿಡಿಯುವ ಸಮಯ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದಲೇ ಮೆಕ್ಸಿಕೋದ ಅಡುಗೆಯವರು ಗಡಿಯಾರಕ್ಕಿಂತ ಗುರುತುಗಳನ್ನು ಹೆಚ್ಚು ನಂಬುತ್ತಾರೆ. ನಾದಿದ ಹಿಟ್ಟಿನ ಸಣ್ಣ ಉಂಡೆಯೊಂದನ್ನು ಲೋಟದ ನೀರಿಗೆ ಹಾಕುತ್ತಾರೆ. ತೇಲಿದರೆ ಹದ ಬಂದಿದೆ, ಮುಳುಗಿದರೆ ಇನ್ನೂ ನಾದಬೇಕು. ಸಿಪ್ಪೆ ಹಿಟ್ಟಿಗೆ ಅಂಟದೆ ಬಿಟ್ಟು ಬಂದರೆ ಬೆಂದಿದೆ. ಹಬೆಪಾತ್ರೆಯ ತಳದಲ್ಲಿ ಒಂದು ನಾಣ್ಯ ಹಾಕುವ ರೂಢಿಯೂ ಉಂಟು. ನೀರು ಕುದಿಯುವಷ್ಟು ಹೊತ್ತು ಅದು ಕಟಕಟ ಸದ್ದು ಮಾಡುತ್ತದೆ. ಸದ್ದು ನಿಂತಿತೆಂದರೆ ನೀರು ಆರಿದೆ, ಬಿಸಿನೀರು ಹೊಯ್ಯಬೇಕು. ಈ ಪರೀಕ್ಷೆಗಳು 20ಕ್ಕೂ ಸರಿ, 100ಕ್ಕೂ ಸರಿ.

ಮೂರನೆಯದು ಭಾಗಿಸುವ ಲೆಕ್ಕ. ನಿಮಿಷಕ್ಕೊಂದರಂತೆ ಒಬ್ಬರೇ ಮಡಿಚಿದರೆ 100 ತಮಾಲಿಗೆ 100 ನಿಮಿಷ. ಐದು ಜನ ಕುಳಿತರೆ 20 ನಿಮಿಷ. ಶಾಲೆಯಲ್ಲಿ ಕಲಿಸುವ ವಿಲೋಮ ಅನುಪಾತ ಇದೇ ತಾನೆ? ಬಂಧುಬಳಗವೆಲ್ಲ ಸುತ್ತ ಕುಳಿತು ತಮಾಲ್ ಮಡಿಚುವ ಕೂಟಕ್ಕೆ 'ತಮಾಲಾದಾ' ಎಂದೇ ಹೆಸರುಂಟು.

ಹಂಡೆಯಲ್ಲಿ ಬೇಯಿಸುವ ಕಾಳಿನ ಕತೆಯೇ ಬೇರೆ. ಮೆಕ್ಸಿಕೋದ ಊಟಕ್ಕೆ ಆಧಾರವಾದ ಕಾಳು ನಮ್ಮ ರಾಜ್ಮಾದ ಜಾತಿಯದೇ. ಅರ್ಧ ಕಿಲೋ ಕಾಳಿಗೆ ಎರಡೂವರೆ ಲೀಟರ್ ನೀರು, ಅದರಲ್ಲಿ ಅರ್ಧ ಲೀಟರ್ ಆವಿಯಾಗಿ ಹೋಗುತ್ತದೆ ಎಂದುಕೊಳ್ಳಿ. ಈಗ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಿರುವ ಪಾತ್ರೆ ತನ್ನಿ. ಅದರಲ್ಲಿ ಎಂಟು ಪಟ್ಟು ಹಿಡಿಸುತ್ತದೆ. ಆದರೆ ಆವಿ ಹೊರಡುವ ಬಾಯಿ ನಾಲ್ಕು ಪಟ್ಟು ಮಾತ್ರ! ಅಷ್ಟೇ ಹೊತ್ತು ಕುದಿಸಿದರೆ 4 ಲೀಟರ್ ಆವಿಯಾಗಬೇಕಾದಲ್ಲಿ ಸುಮಾರು 2 ಲೀಟರ್ ಹೋಗುತ್ತದೆ. ಎಂಟು ಪಟ್ಟು ನೀರು, ಅಂದರೆ 20 ಲೀಟರ್ ಹೊಯ್ದಿದ್ದರೆ ಕಾಳು ನೀರುನೀರಾಗುತ್ತದೆ. 18 ಲೀಟರಿನಿಂದ ಹೊರಟು, ಬೇಕಾದರೆ ಆಮೇಲೆ ಬಿಸಿನೀರು ಸೇರಿಸುವುದು ಜಾಣತನ.

ಒಲೆಯನ್ನೂ ಮರೆಯಬೇಡಿ. ಉರಿ ಅಷ್ಟೇ ಇದ್ದು ನೀರು ಎಂಟು ಪಟ್ಟಾದರೆ, 15 ನಿಮಿಷದಲ್ಲಿ ಬರುವ ಕುದಿ ಬರಲು ಎರಡು ಗಂಟೆಯಾದರೂ ಬೇಕು. ಇಲ್ಲಿ ಒಂದು ಅಪಾಯವಿದೆ. ರಾಜ್ಮಾದಂಥ ಹಸಿಕಾಳಿನಲ್ಲಿ ವಾಂತಿ ತರಿಸುವ ನಂಜಿನ ಅಂಶವಿರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಬರಿದೆ ಬೆಚ್ಚಗೆ ಕಾದರೆ ಸಾಲದು. ಅಂಚಿನಲ್ಲಿ ಗುಳ್ಳೆ ಕಂಡಿತೆಂದು ಮೋಸಹೋಗದೆ ಹಂಡೆಯ ನಡುಭಾಗವೂ ಕುದಿಯುವುದನ್ನು ನೋಡಬೇಕು. ಒಂದು ದೊಡ್ಡ ಹಂಡೆಯ ಬದಲು ಮೂರು ಮಧ್ಯಮ ಪಾತ್ರೆಗಳಾದರೆ ಇನ್ನೂ ಒಳ್ಳೆಯದು.

ಆರಿಸುವಾಗ ಎಚ್ಚರ ಇಮ್ಮಡಿಯಾಗಬೇಕು. ಕುದಿಗೂ ಸಾಯದ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಅಡುಗೆ ಉಗುರುಬೆಚ್ಚಗಿರುವಾಗ ಮೊಳೆತು ಬೆಳೆಯುತ್ತವೆ. ಗಟ್ಟಿಯಾದ ಕಾಳಿನ ಪಲ್ಯದ ಆಳ ಎರಡರಷ್ಟಾದರೆ ಅದು ಆರಲು ಸುಮಾರು ನಾಲ್ಕರಷ್ಟು ಹೊತ್ತು ಬೇಕು. ರಾತ್ರಿ ಹಂಡೆಗೆ ಮುಚ್ಚಳ ಹಾಕಿ ಮಲಗಿದರೆ ಬೆಳಗಿನವರೆಗೂ ಒಡಲು ಬೆಚ್ಚಗೇ ಇದ್ದೀತು. ನೆಂಟರ ಹೊಟ್ಟೆ ಕೆಡಲು ಅಷ್ಟು ಸಾಕು. ಉಳಿದದ್ದನ್ನು ಎರಡು ಅಂಗುಲಕ್ಕಿಂತ ಹೆಚ್ಚು ಆಳವಿರದಂತೆ ತಟ್ಟೆಗಳಿಗೆ ಹರಡಿ, ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಮತ್ತೆ ಬಡಿಸುವಾಗ ಚೆನ್ನಾಗಿ ಕುದಿಸಬೇಕು.

ಕೊನೆಗೆ ಮೆಣಸಿನಕಾಯಿ. ಒಂದೇ ಗಿಡದ ಎರಡು ಕಾಯಿಗಳ ಖಾರವೂ ಒಂದೇ ಸಮ ಇರುವುದಿಲ್ಲ. ಲೆಕ್ಕದ ಅರ್ಧದಷ್ಟು ಹಾಕಿ, ರುಚಿ ನೋಡಿ, ಮಿಕ್ಕದ್ದನ್ನು ಸೇರಿಸುವುದು ಕ್ಷೇಮ. ಮೆಕ್ಸಿಕೋದವರು ಇದಕ್ಕೊಂದು ಸುಲಭ ಉಪಾಯ ಕಂಡುಕೊಂಡಿದ್ದಾರೆ. ಖಾರದ ಚಟ್ನಿಯಂಥ 'ಸಾಲ್ಸಾ'ವನ್ನು ಬೇರೆ ಬಟ್ಟಲಿನಲ್ಲಿಡುತ್ತಾರೆ. ಮಕ್ಕಳಿಗೆ ಬೇಡವಾದರೆ ಬಿಡಬಹುದು, ಅಜ್ಜನಿಗೆ ಬೇಕಾದರೆ ಬಡಿಸಿಕೊಳ್ಳಬಹುದು.

ತಂದೆತಾಯಿಯರಲ್ಲಿ ಒಂದು ಸಲಹೆ. ಮುಂದಿನ ಬಾರಿ ಮನೆಗೆ ಹತ್ತಾರು ಜನ ಊಟಕ್ಕೆ ಬರುವುದಿದ್ದರೆ ಕಾಗದ, ಪೆನ್ಸಿಲ್ ಕೊಟ್ಟು ಲೆಕ್ಕವನ್ನು ಮಕ್ಕಳಿಗೇ ಒಪ್ಪಿಸಿ. ಹಾಳೆಯಲ್ಲಿ ಮೂರು ಮನೆ ಎಳೆಯಲಿ: ಗುಣಿಸಬೇಕಾದದ್ದು, ಭಾಗಿಸಬೇಕಾದದ್ದು, ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕಾದದ್ದು. ಮೊದಲೆರಡು ಮನೆಗಳನ್ನು ಅವರು ತಾವೇ ತುಂಬಿಯಾರು. ಮೂರನೆಯದನ್ನು ತುಂಬಲು ನೀವೂ ಜೊತೆಯಲ್ಲಿ ಒಲೆಯ ಬಳಿ ನಿಲ್ಲಬೇಕಾಗುತ್ತದೆ.