ಬಾಂಡಿನ ನೀರು ಮತ್ತು ಬಿಬವೇವಾಡಿಯ ಅರ್ಜಿ

ಪುಣೆ: 2017ರ ಜೂನ್‌ನಲ್ಲಿ ಪುಣೆ ಮಹಾನಗರ ಪಾಲಿಕೆಯ 200 ಕೋಟಿ ರೂ.ಗಳ ಬಾಂಡ್ ಮುಂಬಯಿ ಶೇರು ಪೇಟೆಯ ಪಟ್ಟಿಗೆ ಸೇರಿದಾಗ ಊರೆಲ್ಲ ಅದೇ ಸುದ್ದಿ. ಬಡ್ಡಿ ಶೇ. 7.59, ಅವಧಿ 10 ವರ್ಷ. ಹಂತ ಹಂತವಾಗಿ 2,264 ಕೋಟಿ ರೂ. ಎತ್ತುವ ಯೋಜನೆಯ ಮೊದಲ ಕಂತು ಇದು. ಉದ್ದೇಶ, ನಗರದ ಎಲ್ಲ ಭಾಗಗಳಿಗೂ 24 ಗಂಟೆ ಸಮಾನ ನೀರು.

ಉದ್ದೇಶದಲ್ಲಿ ತಪ್ಪು ಹುಡುಕುವಂತಿಲ್ಲ. ಬಿಬವೇವಾಡಿ ಇಳಿಜಾರಿನ ಬಡಾವಣೆ. ಕೆಳಗಿನ ಸೊಸೈಟಿಗಳ ಟಾಕಿ ತುಂಬಿದ ಮೇಲೆಯೇ ಗುಡ್ಡದ ಮಗ್ಗುಲಿನ ಅಪ್ಪರ್ ಇಂದಿರಾನಗರದಂಥ ವಸತಿಗಳಿಗೆ ಒತ್ತಡ ಸಿಗುವುದು. ಊರನ್ನು ವಲಯಗಳಾಗಿ ವಿಂಗಡಿಸಿ, ಹೊಸ ಮೇಲ್ಟಾಕಿ ಕಟ್ಟಿ, ಹಳೆಯ ಪೈಪು ಬದಲಿಸಿ ಮೀಟರು ಕೂರಿಸಿದರೆ ಮಾತ್ರ ಈ ತಾರತಮ್ಯ ಹೋದೀತು. ದಶಕಗಟ್ಟಲೆ ಬಾಳುವ ಪೈಪಿಗೆ ಸಾಲ ಮಾಡುವುದು ಲೆಕ್ಕಶಾಸ್ತ್ರಕ್ಕೂ ಒಪ್ಪುವ ಮಾತು. ಅದು ಬಂಡವಾಳ ವೆಚ್ಚ, ಗಟಾರದ ಹೂಳೆತ್ತುವಂಥ ವರ್ಷದ ಖರ್ಚಲ್ಲ.

ಎಡವಿದ್ದು ವೇಳೆಯಲ್ಲಿ. ಬಾಂಡಿನ ಹಣ ಬಂದ ಕೆಲವೇ ವಾರಗಳಲ್ಲಿ ಆರೋಪಗಳ ನಡುವೆ ಟೆಂಡರ್ ರದ್ದಾಯಿತು. ಮರುಟೆಂಡರ್ ಮುಗಿದು ಕೆಲಸ ಹಿಡಿಯುವಷ್ಟರಲ್ಲಿ 2018 ಬಂತು. ಅಷ್ಟರವರೆಗೆ ಹಣ ಬ್ಯಾಂಕಿನ ಠೇವಣಿಯಲ್ಲಿ ಕುಳಿತಿತ್ತು, ಅಲ್ಲಿ ಸಿಕ್ಕಿದ ಬಡ್ಡಿ ಬಾಂಡಿಗೆ ಕೊಡುವ ಬಡ್ಡಿಗಿಂತ ಕಡಿಮೆ. ವರ್ಷಕ್ಕೆ 15.18 ಕೋಟಿ ರೂ. ಬಡ್ಡಿ ಮಾತ್ರ ತಪ್ಪಲಿಲ್ಲ. ಮನೆಯ ಪಾಯ ತೋಡುವ ಮೊದಲೇ ಗೃಹಸಾಲ ಪೂರ್ತಿ ಎತ್ತಿ ಕಂತು ಕಟ್ಟತೊಡಗಿದವರ ಕಥೆಯಂತೆಯೇ. ಬಾಂಡ್ ತಂದ ನಗರಕ್ಕೆ ಕೇಂದ್ರ ಸರಕಾರ ಪ್ರೋತ್ಸಾಹಧನ ಕೊಟ್ಟಿದ್ದುಂಟು, ಅದನ್ನೂ ಜಮೆಗೆ ಹಿಡಿಯಬೇಕು. ಆದರೆ ಐದು ವರ್ಷದ ಗಡುವು ದಾಟಿಯೂ ಕೆಲಸ ಮುಗಿಯಲಿಲ್ಲ. ನೀರುಪಟ್ಟಿಯ ಏರಿಕೆಯಂತೂ ನೀರಿಗಿಂತ ಮೊದಲೇ ಮನೆಗೆ ಬಂದಿತ್ತು. ಬಾಂಡಿನ ಅಸಲು ತೀರಿಸಬೇಕಾದ ವರ್ಷ 2027.

ಉದ್ಯಾನ, ಫುಟ್‌ಪಾತುಗಳ ಮಾತು ಬೇರೆ. ಚೆನ್ನಾಗಿದ್ದ ಫರಸಿ ಕಿತ್ತು ಹೊಸದು ಹಾಕುವುದು ಪುಣೆಕರರಿಗೆ ಹೊಸತಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಬಂದ ಆಂಬಿಲ್ ಓಢಾದ ನೀರು ಪಕ್ಕದ ಸಹಕಾರನಗರ, ಅರಣ್ಯೇಶ್ವರ ಭಾಗಗಳಿಗೆ ನುಗ್ಗಿ ಜೀವಹಾನಿಯಾದ ಮೇಲಾದರೂ, ಬೆಂಚಿಗಿಂತ ಮೊದಲು ನಾಲೆಯ ತಡೆಗೋಡೆ ಕೇಳಬೇಕೆಂಬ ಬುದ್ಧಿ ಬರಬೇಕಿತ್ತು.

ಕೇಳುವ ದಾರಿಯೂ ಇದೆ. 2006-07ರ ಬಜೆಟ್‌ನಿಂದ ಪಾಲಿಕೆ ನಾಗರಿಕರ ಸಹಭಾಗದ ಅಂದಾಜುಪತ್ರಕ ಪದ್ಧತಿ ಆರಂಭಿಸಿತು. ತಮ್ಮ ಪ್ರಭಾಗದ ಸಣ್ಣ ಕೆಲಸಗಳನ್ನು, ಒಂದಕ್ಕೆ 5 ಲಕ್ಷ ರೂ. ಮಿತಿಯಲ್ಲಿ, ಜನರೇ ಸೂಚಿಸಬಹುದು: ಬೀದಿದೀಪ, ಫುಟ್‌ಪಾತ್, ಬಸ್ ತಂಗುದಾಣ, ಒಳಚರಂಡಿ ದುರಸ್ತಿ. ಇಷ್ಟರಲ್ಲಿ ತಡೆಗೋಡೆ ಏಳದು, ಓಣಿಯ ಮಳೆನೀರು ಹರಿದುಹೋಗಲು ದಾರಿಯಾದೀತು. 2022ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿದು ಆಡಳಿತಾಧಿಕಾರಿಯ ಕಾರುಬಾರು ವರ್ಷಗಟ್ಟಲೆ ನಡೆದಾಗ, ಸಾಮಾನ್ಯ ನಿವಾಸಿಯ ಕೈಯಲ್ಲಿ ಉಳಿದಿದ್ದ ಕೆಲವೇ ದಾರಿಗಳಲ್ಲಿ ಇದೂ ಒಂದು.

ನಮ್ಮ ಸಮಾಜ ಬಾಂಧವರು ಹಿಂದೆ ಬೀಳುವುದು ಇಲ್ಲೇ. ಫ್ಲ್ಯಾಟ್ ಕೊಂಡ ಹೊಟೇಲಿಗರಾಗಲಿ, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರದವರಾಗಲಿ, ನೀರು ಬಾರದಿದ್ದರೆ ಟ್ಯಾಂಕರಿಗೆ ಫೋನು ಮಾಡುತ್ತಾರೆ, ಕಚೇರಿಗೆ ಅರ್ಜಿ ಬರೆಯುವುದಿಲ್ಲ. ಕಚೇರಿಯ ವ್ಯವಹಾರವೆಲ್ಲ ಮರಾಠಿಯಲ್ಲಿ ಎಂಬ ಅಂಜಿಕೆ. ರಾಜ್ಯೋತ್ಸವಕ್ಕೆ ಪೆಂಡಾಲ್ ಹಾಕಿಸಬಲ್ಲ ಸಂಘಕ್ಕೆ ಮರಾಠಿ ಬಲ್ಲ ಇಬ್ಬರು ತರುಣರನ್ನು ನಾಲ್ಕು ಭಾನುವಾರ ಕೂರಿಸುವುದು ಕಷ್ಟವೇನಲ್ಲ. ಸೂಚನೆ ಕರೆಯುವುದು ವಾಡಿಕೆಯಂತೆ ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ. ಓಣಿಯ ಹೆಸರು, ಹತ್ತಿರದ ಗುರುತು, ಬೇಕಾದ ಕೆಲಸ, ಇಷ್ಟನ್ನು ಸ್ಪಷ್ಟವಾಗಿ ಬರೆದು ಬಿಬವೇವಾಡಿ ಕ್ಷೇತ್ರೀಯ ಕಾರ್ಯಾಲಯದಲ್ಲಿ ಕೊಟ್ಟು ಪೋಚ್ ಪಡೆಯಬೇಕು.