ಒಂದೇ ಸೂರಿನಡಿ ಬಾಳಿದ್ದಕ್ಕೆ ಕಾಗದ ಎಲ್ಲಿದೆ?

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹಿಡಿದ ಎಲ್ಲರಿಗೂ ಹನ್ನೊಂದು ತಿಂಗಳ ಕರಾರು ಗೊತ್ತು. ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡವೆಂದು ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆಸಿ ಮುಗಿಸುತ್ತಾರೆ. ಆದರೆ ಕೆನಡಾದಲ್ಲಿ ಜೊತೆಯಾಗಿ ನೆಲೆಸಬಯಸುವ ಮದುವೆಯಾಗದ ಜೋಡಿಯಿಂದ ಅಲ್ಲಿನ ವಲಸೆ ನಿಯಮ ಕೇಳುವುದು ಕನಿಷ್ಠ ಹನ್ನೆರಡು ತಿಂಗಳು ಎಡೆಬಿಡದೆ ಒಟ್ಟಿಗೆ ಬಾಳಿದ್ದಕ್ಕೆ ಪುರಾವೆ. ನಮ್ಮಲ್ಲಿ ಸುಲಭವಾಗಿ ಸಿಗುವ ದಾಖಲೆ ಒಂದು ತಿಂಗಳು ಮೊದಲೇ ಮುಗಿದುಹೋಗಿರುತ್ತದೆ. ಕರಾರು ನವೀಕರಿಸಿದ್ದರೆ ಸರಿ. ಓನರ್ ಬಾಡಿಗೆ ಏರಿಸಿ ಬಾಯಿಮಾತಿನಲ್ಲೇ ‘ಇರಿ’ ಎಂದಿದ್ದರೆ ಹನ್ನೆರಡನೆಯ ತಿಂಗಳಿಗೆ ಬೇರೆ ಸಾಕ್ಷಿ ಹುಡುಕಬೇಕು. ಇಬ್ಬರ ಹೆಸರೂ ಇರುವ ಕರಾರಂತೂ ಅಪರೂಪ. ‘ಫ್ಯಾಮಿಲಿಗೆ ಮಾತ್ರ’ ಎನ್ನುವ ಬೀದಿಗಳಲ್ಲಿ ಕರಾರು ಒಬ್ಬರ ಹೆಸರಿಗಾಗುತ್ತದೆ. ಇನ್ನೊಬ್ಬರು ಕಸಿನ್ ಎಂದೋ, ಎಂಗೇಜ್‌ಮೆಂಟ್ ಆಗಿದೆ ಎಂದೋ ಹೇಳಿಕೊಂಡು ಇರುತ್ತಾರೆ.

ಕೆನಡಾದ ಪೌರರು ಮತ್ತು ಕಾಯಂ ನಿವಾಸಿಗಳು ಸಂಗಾತಿಯನ್ನು ಸ್ಪಾನ್ಸರ್ ಮಾಡಲು ಮೂರು ದಾರಿಗಳಿವೆ: ಮದುವೆ, ಕಾಮನ್-ಲಾ ಸಂಬಂಧ, ಮತ್ತು ಒಟ್ಟಿಗೆ ಇರಲು ಸಾಧ್ಯವೇ ಆಗದವರಿಗಾಗಿ ಮಾಡಿದ ಕಾಂಜುಗಲ್ ಸಂಗಾತಿಯ ವರ್ಗ. ಮದುವೆಯಾಗದವರಿಗಾಗಿ ಇರುವ ಈ ಎರಡು ದಾರಿಗಳನ್ನು ತೆರೆದದ್ದು 2002ರ ಜೂನ್ 28ರಂದು ಜಾರಿಗೆ ಬಂದ ವಲಸೆ ಕಾನೂನು. ತಾಳಿ ಬೇಡ, ಉಂಗುರ ಬೇಡ, ಗಂಡು–ಹೆಣ್ಣೇ ಆಗಿರಬೇಕೆಂಬ ಷರತ್ತೂ ಇಲ್ಲ. ಕಾಮನ್-ಲಾ ಸಂಗಾತಿಗಳೆನಿಸಲು ದಾಂಪತ್ಯದಂಥ ಸಂಬಂಧದಲ್ಲಿ ಒಂದು ವರ್ಷ ಜೊತೆಗಿದ್ದರೆ ಸಾಕು. ಇದು ಉದಾರವಾದ ಕಾನೂನು. ಆದರೆ ಅದನ್ನು ಸಾಬೀತು ಮಾಡುವ ಕ್ರಮ ರೂಪುಗೊಂಡಿರುವುದು, ಮದುವೆಯಿಲ್ಲದ ಸಂಬಂಧವನ್ನು ಯಾರಿಂದಲೂ ಬಚ್ಚಿಡಬೇಕಿಲ್ಲದ ಸಮಾಜಕ್ಕಾಗಿ. ನಮ್ಮ ಹುಡುಗ ಹುಡುಗಿಯರು ಎಡವುವುದು ಅಲ್ಲೇ.

ಅರ್ಜಿಯೊಂದಿಗೆ ಕೇಳುವ ದಾಖಲೆಗಳನ್ನು ನೋಡಿ: ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿಗೂ ಬರುವ ವಿದ್ಯುತ್ ಅಥವಾ ಫೋನ್ ಬಿಲ್ಲು, ವಿಮೆ, ಒಂದೇ ವಿಳಾಸವಿರುವ ಚಾಲನಾ ಪರವಾನಗಿ. ನಮ್ಮಲ್ಲಿ ಬೆಸ್ಕಾಂ ಬಿಲ್ಲು ಬರುವುದು ಓನರ್ ಹೆಸರಿಗೆ. ಆಧಾರ್‌ನಲ್ಲಿ ಇರುವುದು ಹಾಸನದ್ದೋ ಶಿರಸಿಯದ್ದೋ ಅಪ್ಪನ ಮನೆಯ ವಿಳಾಸ. ವಿಮೆಗೆ ಅಮ್ಮ ನಾಮಿನಿ. ಬ್ಯಾಂಕಿನ ಪತ್ರಗಳು ಊರಿಗೇ ಹೋಗುತ್ತವೆ. ಮೂರು ವರ್ಷ ಜೊತೆಯಾಗಿ ಅಡುಗೆ ಮಾಡಿಕೊಂಡು, ಒಬ್ಬರ ಜ್ವರಕ್ಕೆ ಇನ್ನೊಬ್ಬರು ರಜೆ ಹಾಕಿ ಬಾಳಿದವರು ಕಾಗದದಲ್ಲಿ ಒಬ್ಬರಿಗೊಬ್ಬರು ಯಾರೂ ಅಲ್ಲ.

ಕಾನೂನು ನೋಡಬೇಕಾದದ್ದು ವಿಳಾಸವನ್ನಷ್ಟೇ ಅಲ್ಲ. 1980ರಲ್ಲಿ ಒಂಟಾರಿಯೊ ನ್ಯಾಯಾಲಯವೊಂದು ದಾಂಪತ್ಯದಂಥ ಸಂಬಂಧವನ್ನು ಗುರುತಿಸಲು ಕೆಲವು ಅಂಶಗಳನ್ನು ಹೇಳಿತ್ತು: ಒಂದೇ ಸೂರು, ದೈಹಿಕ ಮತ್ತು ಆಪ್ತ ನಡವಳಿಕೆ, ಮನೆಗೆಲಸದ ಹಂಚಿಕೆ, ಸಾಮಾಜಿಕ ಒಡನಾಟ, ಸುತ್ತಲಿನವರು ಅವರನ್ನು ಕಾಣುವ ಬಗೆ, ಹಣದ ಆಸರೆ, ಮಕ್ಕಳು. 1999ರಲ್ಲಿ ‘ಎಂ ವಿರುದ್ಧ ಎಚ್’ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದು, ಎಲ್ಲ ಅಂಶಗಳೂ ಇರಲೇಬೇಕಿಲ್ಲ, ಒಂದೊಂದು ಜೋಡಿಯಲ್ಲಿ ಒಂದೊಂದು ಪ್ರಮಾಣದಲ್ಲಿ ಇರಬಹುದು ಎಂದಿತು. ವಲಸೆ ಅಧಿಕಾರಿಗಳು ಇಂದಿಗೂ ಇದೇ ಅಳತೆಯನ್ನು ಬಳಸಬೇಕು.

ನಮ್ಮ ನ್ಯಾಯಾಲಯಗಳೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ನಡೆದಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು ಮದುವೆಯ ಸ್ವರೂಪದ ಸಂಬಂಧವನ್ನೂ ಒಳಗೊಳ್ಳುತ್ತದೆ. ಬೆಂಗಳೂರಿನಿಂದ ಹೊರಟು ಕರ್ನಾಟಕ ಹೈಕೋರ್ಟ್ ದಾಟಿ ಬಂದ ಪ್ರಕರಣವೊಂದರಲ್ಲಿ, 2013ರ ನವೆಂಬರಿನಲ್ಲಿ, ಭಾರತದ ಸುಪ್ರೀಂ ಕೋರ್ಟ್ ಅಂಥ ಸಂಬಂಧದ ಲಕ್ಷಣಗಳನ್ನು ಪಟ್ಟಿ ಮಾಡಿತು: ಎಷ್ಟು ಕಾಲ ಜೊತೆಗಿದ್ದರು, ಮನೆ ಒಂದೇ ಇತ್ತೇ, ಹಣ ಒಟ್ಟುಗೂಡಿಸಿದ್ದರೇ, ಮನೆಯ ಹೊಣೆ ಹಂಚಿಕೊಂಡಿದ್ದರೇ, ಸಾರ್ವಜನಿಕವಾಗಿ ಜೊತೆಯಾಗಿ ಕಾಣಿಸಿಕೊಂಡರೇ, ಉದ್ದೇಶ ಏನಿತ್ತು. ಆ ಪ್ರಕರಣದಲ್ಲಿ ಕೋರ್ಟಿನ ಮೊರೆಹೋಗಿದ್ದ ಮಹಿಳೆಗೆ ಮಾತ್ರ ನ್ಯಾಯ ಸಿಗಲಿಲ್ಲ. ಜೊತೆಗಿದ್ದ ಗಂಡಸು ವಿವಾಹಿತನೆಂದು ಆಕೆಗೆ ಗೊತ್ತಿತ್ತು ಎಂಬುದು ಅಡ್ಡಬಂತು. ಕೆನಡಾದಲ್ಲಾದರೆ, ಮೊದಲ ಮದುವೆ ಕಾಗದದ ಮೇಲೆ ಉಳಿದಿದ್ದರೂ ಆ ದಾಂಪತ್ಯ ಮುರಿದು ಬೇರೆಯಾದ ಮೇಲೆ ಒಂದು ವರ್ಷ ಜೊತೆಗಿದ್ದವರನ್ನು ಕಾಮನ್-ಲಾ ಸಂಗಾತಿಗಳೆಂದು ಒಪ್ಪಬಹುದು. ವಿಚ್ಛೇದನಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ನಮ್ಮವರಿಗೆ ಇದು ತಿಳಿದಿರಬೇಕು.

ಆದರೆ ನಮ್ಮ ಕಾನೂನು ಇಂಥ ಸಂಬಂಧದ ಕಡೆ ತಿರುಗಿ ನೋಡುವುದು ಬಹುಪಾಲು ಅದು ಮುರಿದ ಮೇಲೆ. ಚೆನ್ನಾಗಿ ನಡೆಯುತ್ತಿರುವಾಗ ಅದಕ್ಕೆ ದಾಖಲೆ ಹುಟ್ಟುವುದಿಲ್ಲ. 2025ರ ಜನವರಿಯಿಂದ ಉತ್ತರಾಖಂಡದಲ್ಲಿ ಲಿವ್-ಇನ್ ಸಂಬಂಧವನ್ನು ನೋಂದಾಯಿಸುವುದು ಕಡ್ಡಾಯ, ತಪ್ಪಿದರೆ ಶಿಕ್ಷೆಯೂ ಇದೆ. ಅಲ್ಲಿ ಕಾಗದವೇನೋ ಸಿಕ್ಕೀತು. ಆದರೆ ಮಾಹಿತಿ ಪೊಲೀಸ್ ಠಾಣೆಗೆ ಹೋಗುತ್ತದೆ, 21 ತುಂಬದವರಾದರೆ ಹೆತ್ತವರಿಗೂ ಹೋಗುತ್ತದೆ. ಮನೆಯವರಿಗೆ ಹೆದರಿ ಬಾಳುವವರ ಪಾಲಿಗೆ ಅಂಥ ದಾಖಲೆ ಅಪಾಯವೇ.

ಇನ್ನೂ ದೊಡ್ಡ ತೊಡಕು ಕಾದಿರುವುದು ಕೆನಡಾದೊಳಗೆ. ಬೇರೆ ಬೇರೆಯಾಗಿ ವಿದ್ಯಾರ್ಥಿ ವೀಸಾದಲ್ಲಿ ಹೋದ ಇಬ್ಬರು ಬ್ರಾಂಪ್ಟನ್‌ನ ಬೇಸ್‌ಮೆಂಟಿನಲ್ಲೋ ವಾಟರ್‌ಲೂನ ಹಂಚಿಕೆಯ ಮನೆಯಲ್ಲೋ ಜೊತೆಯಾಗುತ್ತಾರೆ ಎನ್ನಿ. ಬಾಡಿಗೆ ಕೈಗೇ ಕೊಡುತ್ತಾರೆ, ರಸೀದಿ ಇಲ್ಲ. ಹನ್ನೆರಡು ತಿಂಗಳು ತುಂಬಿದ ದಿನ, ಯಾವ ಕಾಗದಕ್ಕೂ ಸಹಿ ಹಾಕದೆಯೇ, ಅವರು ಕಾನೂನಿನ ಕಣ್ಣಿನಲ್ಲಿ ಕಾಮನ್-ಲಾ ಸಂಗಾತಿಗಳಾಗಿರುತ್ತಾರೆ. ಆದಾಯ ತೆರಿಗೆ ವಿವರದಲ್ಲಿ ಅದನ್ನೇ ಬರೆಯಬೇಕು. ಊರಿಗೆ ಸುದ್ದಿ ಮುಟ್ಟೀತೆಂದು ಹೆದರಿಯೋ, ತಿಳಿಯದೆಯೋ ‘ಒಂಟಿ’ ಎಂದು ಬರೆದುಬಿಡುತ್ತಾರೆ. ಎರಡು ವರ್ಷದ ನಂತರ ಸ್ಪಾನ್ಸರ್‌ಶಿಪ್ ಅರ್ಜಿ ಹಾಕುವಾಗ ಅದೇ ತೆರಿಗೆ ಪತ್ರ ಅವರ ಮಾತನ್ನು ಸುಳ್ಳಾಗಿಸುತ್ತದೆ.

ಅದಕ್ಕಿಂತ ಕಠಿಣವಾದದ್ದು ವಲಸೆ ನಿಯಮಗಳ 117(9)(ಡಿ) ಉಪವಿಧಿ. ಕಾಯಂ ನಿವಾಸ ಪಡೆಯುವಾಗ ಸಂಗಾತಿ ಇದ್ದೂ ಹೇಳದೆ ಹೋದರೆ, ಆ ಸಂಗಾತಿಯನ್ನು ಮುಂದೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವ ಬಾಗಿಲು ಮುಚ್ಚುತ್ತದೆ. ಬೇಕೆಂದೇ ಮುಚ್ಚಿಟ್ಟರೋ, ತಮ್ಮ ಸಂಬಂಧಕ್ಕೆ ಆ ಹೆಸರಿದೆಯೆಂದು ತಿಳಿದಿರಲಿಲ್ಲವೋ ಎಂದು ಆ ನಿಯಮ ಕೇಳುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಸರ್ಕಾರ ಪ್ರಾಯೋಗಿಕವಾಗಿ ಒಂದಿಷ್ಟು ವಿನಾಯಿತಿ ಕೊಟ್ಟಿತು. ಆದರೆ ನಿಯಮ ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಸಂಬಂಧದ ಲಾಭ ಬೇಕೆಂದು ಬಂದವರಿಗೆ ನೂರು ಪುಟದ ಪುರಾವೆ ಕೇಳುವ ಕಾನೂನು, ಶಿಕ್ಷೆಯ ಹೊತ್ತಿಗೆ ಆ ಸಂಬಂಧವನ್ನು ತಾನಾಗಿಯೇ ಇತ್ತೆಂದು ಹಿಡಿಯುತ್ತದೆ. ಇದು ಅನ್ಯಾಯ.

ಅಧಿಕಾರಿಗಳ ಅನುಮಾನಕ್ಕೆ ಕಾರಣವೇ ಇಲ್ಲವೆಂದಲ್ಲ. ವೀಸಾಕ್ಕಾಗಿ ಕಟ್ಟಿದ ಸಂಬಂಧಗಳಿವೆ, ಹಾರ ಹಾಕಿಸಿ ಫೋಟೊ ತೆಗೆಸಿಕೊಡುವ ಏಜೆಂಟರಿದ್ದಾರೆ. 2010ರಲ್ಲಿ ನಿಯಮವನ್ನು ಬಿಗಿ ಮಾಡಿದ ಮೇಲೆ, ಸಂಬಂಧ ನಿಜವಲ್ಲದಿದ್ದರೂ ಸಾಕು, ವಲಸೆಯೇ ಮುಖ್ಯ ಉದ್ದೇಶವಾಗಿದ್ದರೂ ಸಾಕು, ಅರ್ಜಿ ಬಿದ್ದುಹೋಗುತ್ತದೆ. ಸುಳ್ಳು ದಾಖಲೆ ಸಿಕ್ಕರೆ ಐದು ವರ್ಷ ನಿಷೇಧ. ಆದ್ದರಿಂದ ಹಿಂದಿನ ದಿನಾಂಕ ಹಾಕಿ ಕರಾರು ಬರೆಸಿಕೊಡುತ್ತೇನೆಂಬ ಯಾರ ಮಾತಿಗೂ ಕಿವಿಗೊಡಬಾರದು.

ನಿಜವಾಗಿ ಬಾಳಿದವರ ಬಳಿ ಬೇರೆ ಬಗೆಯ ಕುರುಹುಗಳು ಇದ್ದೇ ಇರುತ್ತವೆ. ಪ್ರತಿ ತಿಂಗಳ ಮೊದಲ ವಾರ ಒಬ್ಬರ ಯುಪಿಐನಿಂದ ಇನ್ನೊಬ್ಬರಿಗೆ ಹೋದ ಅರ್ಧ ಬಾಡಿಗೆ, ಒಂದೇ ವಿಳಾಸಕ್ಕೆ ಇಬ್ಬರ ಹೆಸರಿನಲ್ಲಿ ಬಂದ ಪಾರ್ಸೆಲ್‌ಗಳು, ಆಸ್ಪತ್ರೆಯ ದಾಖಲಾತಿಯಲ್ಲಿ ತುರ್ತು ಸಂಪರ್ಕಕ್ಕೆ ಬರೆದ ಹೆಸರು, ಕಚೇರಿಯ ವಿಮೆಯಲ್ಲಿ ಮಾಡಿದ ಬದಲಾವಣೆ, ಎದುರು ಮನೆಯವರ ಪ್ರಮಾಣಪತ್ರ. ಕಾಮನ್-ಲಾ ಸಂಬಂಧದ ಘೋಷಣೆಗೆಂದೇ ಕೆನಡಾ ಸರ್ಕಾರದ ಒಂದು ಫಾರ್ಮ್ ಇದೆ. ಆದರೆ ಆ ಸಹಿಯೊಂದೇ ಸಾಲದು. ಕರಾರಿನಲ್ಲಿ ಒಬ್ಬರ ಹೆಸರೇ ಏಕಿದೆ, ಹೆತ್ತವರ ಪತ್ರ ಏಕಿಲ್ಲ ಎಂಬುದನ್ನು ನಾಚದೆ, ನೇರವಾಗಿ ಬರೆದು ಲಗತ್ತಿಸಬೇಕು. ಬರೆಯದೆ ಬಿಟ್ಟ ಜಾಗವನ್ನು ಅಧಿಕಾರಿ ತನ್ನ ಊಹೆಯಿಂದ ತುಂಬಿಕೊಳ್ಳುತ್ತಾರೆ. ಒಂದು ವರ್ಷ ಜೊತೆಗಿದ್ದು, ಆಮೇಲೆ ಕೆಲಸಕ್ಕೋ ಅಪ್ಪ ಅಮ್ಮನ ಕಾಯಿಲೆಗೋ ದೂರವಾದರೆ ಸಂಬಂಧ ಅಲ್ಲಿಗೇ ಮುಗಿಯುವುದಿಲ್ಲ. ಅದು ಮುಂದುವರಿದಿದೆ ಎಂದು ತೋರಿಸಬೇಕಷ್ಟೆ. ವಾರ, ತಿಂಗಳು ಎಂದು ಬಿಡಿಬಿಡಿಯಾಗಿ ಭೇಟಿಯಾದದ್ದನ್ನು ಕೂಡಿಸಿ ವರ್ಷ ಮಾಡಲು ಮಾತ್ರ ಬರುವುದಿಲ್ಲ.

ಇಷ್ಟೆಲ್ಲ ಏಕೆ, ಮದುವೆಯಾಗಿಬಿಡಿ ಎನ್ನುವುದು ವಕೀಲರ ಸಾಮಾನ್ಯ ಸಲಹೆ. ಹಾಗೆ ಆಗಬಲ್ಲವರು ಆಗಲಿ. ಅಂತರ್‌ಧರ್ಮೀಯ ಜೋಡಿಯಾದರೆ 1954ರ ವಿಶೇಷ ವಿವಾಹ ಕಾಯ್ದೆಯ ಮೂವತ್ತು ದಿನಗಳ ನೋಟಿಸು ಕಚೇರಿಯ ಗೋಡೆಯ ಮೇಲಿರುತ್ತದೆ. ಅದನ್ನು ನೋಡಿ ಮನೆಗೆ ಸುದ್ದಿ ಮುಟ್ಟಿಸುವವರಿಗೆ ಬರವಿಲ್ಲ. ಸಲಿಂಗಿ ಜೋಡಿಗಳಿಗೆ ಭಾರತದ ಸುಪ್ರೀಂ ಕೋರ್ಟಿನ 2018ರ ತೀರ್ಪು ಅಪರಾಧದ ಹಣೆಪಟ್ಟಿಯನ್ನು ತೆಗೆಯಿತು, 2023ರ ತೀರ್ಪು ಮದುವೆಯ ಹಕ್ಕನ್ನು ಕೊಡಲಿಲ್ಲ. ಕಾಂಜುಗಲ್ ಸಂಗಾತಿಯ ವರ್ಗ ಇಂಥವರಿಗೆಂದೇ ಇದೆ. ಆದರೆ ಅದರಲ್ಲೂ ‘ನೀವು ಮದುವೆಯಾಗಬಹುದಿತ್ತಲ್ಲ, ಒಟ್ಟಿಗೆ ಇರಬಹುದಿತ್ತಲ್ಲ’ ಎಂಬ ಪ್ರಶ್ನೆಯನ್ನು ದಾಟಬೇಕು. ಜಾತಿಯ, ಕುಟುಂಬದ ಬೆದರಿಕೆ ಹೊರದೇಶದ ಅಧಿಕಾರಿಗೆ ಬರೀ ಮನೆಯವರ ಅಸಮಾಧಾನದಂತೆ ಕಂಡರೆ ಅರ್ಜಿ ಅಲ್ಲಿಗೆ ಮುಗಿಯಿತು.

ಬ್ರಿಟನ್ 2024ರ ಜನವರಿ ಕೊನೆಯಲ್ಲಿ ತನ್ನ ನಿಯಮ ತಿದ್ದಿತು. ಅವಿವಾಹಿತ ಸಂಗಾತಿಗಳು ಎರಡು ವರ್ಷ ಒಂದೇ ಮನೆಯಲ್ಲಿ ಇದ್ದಿರಲೇಬೇಕೆಂಬ ಷರತ್ತು ಹೋಗಿ, ಎರಡು ವರ್ಷ ಮದುವೆಗೆ ಸಮನಾದ ಸಂಬಂಧದಲ್ಲಿ ಇದ್ದುದನ್ನು ತೋರಿಸಿದರೆ ಸಾಕೆಂದಾಯಿತು. ಆಸ್ಟ್ರೇಲಿಯಾದಲ್ಲಿ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನಂಥ ರಾಜ್ಯಗಳಲ್ಲಿ ಸಂಬಂಧ ನೋಂದಾಯಿಸಿಕೊಂಡವರಿಗೆ ಹನ್ನೆರಡು ತಿಂಗಳ ಷರತ್ತು ಅಡ್ಡಬರುವುದಿಲ್ಲ. ಕೆನಡಾ ತನ್ನ ಹನ್ನೆರಡು ತಿಂಗಳನ್ನು ಉಳಿಸಿಕೊಳ್ಳಲಿ. ಆದರೆ ಕಾಂಜುಗಲ್ ವರ್ಗದ ಸೂಚನೆಗಳಲ್ಲಿ ಕುಟುಂಬದ ಹಿಂಸೆಯ ಭಯವನ್ನೂ ನಿಜವಾದ ಅಡ್ಡಿಯೆಂದು ಬರೆಯಬೇಕು, 117(9)(ಡಿ) ಉಪವಿಧಿಯಿಂದ ಅರಿಯದೆ ತಪ್ಪಿದವರಿಗೆ ಕಾಯಂ ಆಗಿ ವಿನಾಯಿತಿ ಕೊಡಬೇಕು. ವಿದ್ಯಾರ್ಥಿಗಳನ್ನು ಕಳಿಸುವ ನಮ್ಮ ಕಾಲೇಜುಗಳೂ ಕೆನಡಾದ ಕನ್ನಡ ಸಂಘಗಳೂ, ಹೊಸದಾಗಿ ಹೋದವರಿಗೆ ಬ್ಯಾಂಕ್ ಖಾತೆ ತೆರೆಯುವುದನ್ನು ಹೇಳಿಕೊಡುವ ದಿನವೇ ಹನ್ನೆರಡು ತಿಂಗಳ ಈ ನಿಯಮವನ್ನೂ ಹೇಳಿಕೊಡಲಿ.